ತಣ್ಣಗಿರುವ ಬಲ್ಬಿಗೆ ಎಷ್ಟು ಓಮ್?

‘ತಂತ್ರಜ್ಞಾನವನ್ನು ಅತ್ಯಂತ ಪರಿಣಾಮಕಾರಿಯಾಗಿ ಬಳಸಿ ಬೋಧಿಸಿದ್ದಾರೆ.’ ನಮ್ಮ ಶಾಲೆಯ ಸಂದರ್ಶನ ಪುಸ್ತಕದಲ್ಲಿ ಹಸಿರು ಇಂಕಿನಲ್ಲಿ ಹೀಗೊಂದು ಸಾಲಿದೆ. ಬರೆದದ್ದು ನನ್ನ ಪಾಠದ ಬಗ್ಗೆ. ಅವತ್ತು ಆ ಕೋಣೆಯಲ್ಲಿ ಕಲಿಕೆ ಅನ್ನುವಂಥದ್ದು ನಡೆದದ್ದು ಮೂರನೇ ಬೆಂಚಿನಲ್ಲಿ ಮಾತ್ರ. ಅದಕ್ಕೆ ಅಡ್ಡ ನಿಂತವನು ನಾನೇ.

ನಾನು ಪ್ರೌಢಶಾಲೆಯ ಪಿಸಿಎಂ ಮೇಷ್ಟ್ರು, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಕಲಿಸುವವನು. ಆ ವರ್ಷ ನಮಗೆ ಸ್ಮಾರ್ಟ್ ಕ್ಲಾಸ್ ಬಂದಿತ್ತು. ಪ್ರೊಜೆಕ್ಟರು, ಲ್ಯಾಪ್‌ಟಾಪು, ಎರಡು ಗಂಟೆ ಬರುತ್ತದೆಂದು ನಂಬಿಸಿ ಇಪ್ಪತ್ತು ನಿಮಿಷಕ್ಕೆ ಕೂಗಿಕೊಳ್ಳುವ ಯುಪಿಎಸ್ಸು, ಇವುಗಳ ಜೊತೆಗೆ ಒಂದು ಬಳಕೆ ವಹಿ. ದಿನಾಂಕ, ಅವಧಿ, ಘಟಕ, ಎಷ್ಟು ನಿಮಿಷ ಬಳಸಿದಿರಿ, ಎಲ್ಲ ತುಂಬಬೇಕು. ತಿಂಗಳ ಕೊನೆಗೆ ಫೋಟೋ ಸಮೇತ ಮೇಲಕ್ಕೆ ಹೋಗಬೇಕು. ಫೋಟೋದಲ್ಲಿ ಪರದೆ ಬೆಳಗುತ್ತಿರಬೇಕು, ಮಕ್ಕಳೆಲ್ಲ ಅತ್ತಲೇ ನೋಡುತ್ತಿರಬೇಕು. ಯಾವುದಾದರೂ ಮಗು ಪಕ್ಕದವನ ಜೊತೆ ತಲೆ ಸೇರಿಸಿ ಏನೋ ಲೆಕ್ಕ ಹಾಕುತ್ತಿದ್ದರೆ ಆ ಫೋಟೋ ನಡೆಯುವುದಿಲ್ಲ, ಇನ್ನೊಂದು ತೆಗೆಯಿರಿ ಅಂತ ಎಚ್‌ಎಂ ಹೇಳುತ್ತಾರೆ.

ಇಂಥ ಹೊತ್ತಿನಲ್ಲಿ ತಾಲ್ಲೂಕಿನ ವಿಜ್ಞಾನ ಶಿಕ್ಷಕರ ಕಾರ್ಯಾಗಾರಕ್ಕೆ ಮಾದರಿ ಪಾಠ ಮಾಡುವ ಸರದಿ ನನ್ನ ತಲೆಗೆ ಬಂತು. ಹತ್ತನೇ ತರಗತಿ, ವಿದ್ಯುಚ್ಛಕ್ತಿ ಪಾಠ, ಓಮ್‌ನ ನಿಯಮ. ವೋಲ್ಟೇಜ್ ಎಷ್ಟು ಪಟ್ಟು ಏರಿದರೆ ಪ್ರವಾಹವೂ ಅಷ್ಟೇ ಪಟ್ಟು ಏರುತ್ತದೆ, ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ಓಮ್ ಲೆಕ್ಕದಲ್ಲಿ ರೋಧ ಸಿಗುತ್ತದೆ ಅನ್ನುವುದು. 5ಇ ಅನ್ನುವ ಐದು ಹಂತದ ಪಾಠಯೋಜನೆ ಬರೆದೆ. ಪರದೆಯ ಮೇಲೆಯೇ ವಿದ್ಯುತ್ ಮಂಡಲ ಕಟ್ಟಿ ನೋಡುವ, ಫೆಟ್ (PhET) ಅನ್ನುವವರ ಸಿಮ್ಯುಲೇಶನ್ ಇಳಿಸಿಕೊಂಡೆ. ಕೊಲರಾಡೋ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ, ಹಿಂದಿನ ವರ್ಷವಷ್ಟೇ ಭೌತಶಾಸ್ತ್ರದ ನೊಬೆಲ್ ಪಡೆದಿದ್ದ ಕಾರ್ಲ್ ವೀಮನ್ ಶುರು ಮಾಡಿದ ಯೋಜನೆ ಅದು. ಪುಕ್ಕಟೆ ಸಿಗುತ್ತದೆ, ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಬೇಕಿಲ್ಲ. ನಮ್ಮಂಥ ಶಾಲೆಗಳಿಗೆ ಇದಕ್ಕಿಂತ ಒಳ್ಳೆಯದು ನಾನಂತೂ ಕಂಡಿಲ್ಲ, ಇವತ್ತಿಗೂ ಹಾಗೇ ಹೇಳುತ್ತೇನೆ.

ಪಾಠ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಸಾಗಿತು. ಸಿಮ್ಯುಲೇಶನ್ ಸುಮ್ಮನೆ ತೆರೆದರೆ ಬ್ಯಾಟರಿ 9 ವೋಲ್ಟ್, ಬಲ್ಬ್ 10 ಓಮ್. ಪ್ರವಾಹ 0.9 ಆಂಪಿಯರ್. ವೋಲ್ಟೇಜ್ ದುಪ್ಪಟ್ಟು ಮಾಡಿದರೆ 1.8. ಹುಡುಗನೊಬ್ಬ ಬಂದು ಬೋರ್ಡಿನ ಮೇಲೆ ಚುಕ್ಕಿಗಳನ್ನಿಟ್ಟು ಗೆರೆ ಎಳೆದ. ಸ್ಕೇಲಿಟ್ಟ ಹಾಗೆ ನೇರ. ಹಿಂದೆ ಕೂತಿದ್ದ ವಿಷಯ ಪರಿವೀಕ್ಷಕರು ತಲೆದೂಗಿದ್ದು ನನಗೆ ಕಂಡಿತು. ಮೇಷ್ಟ್ರು ಪಾಠ ಮಾಡುವಾಗ ಹಿಂದಿನ ಸಾಲಿನ ಕಡೆ ಕಣ್ಣು ಹಾಯಿಸಿದ ಅಂದರೆ ಪಾಠ ಕೆಟ್ಟಿತು ಅಂತಲೇ ಲೆಕ್ಕ.

ಶೋಭೆಗೆ ಇರಲಿ ಅಂತ ಪ್ರತಿ ಗುಂಪಿಗೂ ಒಂದು ಟಾರ್ಚ್ ಬಲ್ಬು, ಸೆಲ್ಲು, ವೈರು ಕೊಟ್ಟಿದ್ದೆ. ಮೂರನೇ ಬೆಂಚಿನ ಹುಡುಗಿಯ ಗುಂಪಿಗೆ ರೋಧವನ್ನೂ ಅಳೆಯುವ, ಶಾಲೆಯ ಒಂದೇ ಮಲ್ಟಿಮೀಟರ್ ಸಿಕ್ಕಿತ್ತು. ಅವಳು ಎದ್ದು ನಿಂತಳು.

‘ಸರ್, ಬಲ್ಬ್ ಮೇಲೆ 2.5 ವೋಲ್ಟ್, 0.3 ಆಂಪಿಯರ್ ಅಂತ ಬರೆದಿದೆ. ಭಾಗಿಸಿದರೆ ಎಂಟು ಓಮ್ ಚಿಲ್ಲರೆ ಬರಬೇಕು. ಮೀಟರ್‌ನಲ್ಲಿ ಒಂದು ಓಮ್ ಚಿಲ್ಲರೆ ತೋರಿಸ್ತಿದೆ.’

ಮೀಟರಿನ ಬ್ಯಾಟರಿ ಇಳಿದಿರಬೇಕು ಅಂದೆ. ಯೋಚಿಸಿ ಹೇಳಿದ್ದಲ್ಲ. ಗಡಿಯಾರದಲ್ಲಿ ಹನ್ನೆರಡು ನಿಮಿಷ ಉಳಿದಿತ್ತು, ಮೌಲ್ಯಮಾಪನದ ಸ್ಲೈಡ್ ಇನ್ನೂ ಬಾಕಿ. ಅಷ್ಟಕ್ಕೆ ಮುಗಿಯುತ್ತಿತ್ತೇನೋ. ಆದರೆ ರಸಾಯನಶಾಸ್ತ್ರ, ಜೀವಶಾಸ್ತ್ರ ಕಲಿಸುವ ನಮ್ಮ ಸಿಬಿಜೆಡ್ ಮೇಡಂ ಉತ್ಸಾಹದಿಂದ ಪ್ರಯೋಗಾಲಯಕ್ಕೆ ಓಡಿ ಹೊಸ ಬ್ಯಾಟರಿ ತಂದು ಹಾಕಿಕೊಟ್ಟರು. ಮತ್ತೆ ಅದೇ ಒಂದು ಓಮ್ ಚಿಲ್ಲರೆ. ಹುಡುಗಿ ಈಗ ಪಕ್ಕದ ಗುಂಪಿನ ಬಲ್ಬನ್ನೂ ಇಸಿದುಕೊಂಡಳು. ಅದೂ ಅಷ್ಟೇ. ಇಡೀ ತರಗತಿ ಪರದೆ ಬಿಟ್ಟು ಅವಳ ಕೈ ನೋಡತೊಡಗಿತು. ಪರದೆಯ ಮೇಲೆ ಮಾತ್ರ ನೀಲಿ ಎಲೆಕ್ಟ್ರಾನುಗಳು ತಮ್ಮ ಪಾಡಿಗೆ ಸಾಲಾಗಿ ಹರಿಯುತ್ತಿದ್ದವು.

ಉತ್ತರ ನನಗೆ ಗೊತ್ತಿಲ್ಲದ್ದೇನಲ್ಲ, ಬಿಎಸ್ಸಿಯಲ್ಲಿ ಓದಿದ್ದೇ. ಬಲ್ಬಿನ ಟಂಗ್‌ಸ್ಟನ್ ತಂತಿ ಉರಿಯುವಾಗ ಎರಡು ಸಾವಿರ ಡಿಗ್ರಿ ದಾಟಿರುತ್ತದೆ, ರೋಧ ಹಲವು ಪಟ್ಟು ಏರಿರುತ್ತದೆ. ಮಲ್ಟಿಮೀಟರ್ ಅಳೆಯುವುದು ತಣ್ಣಗಿರುವ ತಂತಿಯನ್ನು. ಓಮ್‌ನ ನಿಯಮ ಹೇಳುವಾಗ ‘ತಾಪ ಸ್ಥಿರವಾಗಿದ್ದರೆ’ ಅಂತ ನಾವು ಗಟ್ಟಿಯಾಗಿ ಹೇಳಿಸುವ ಷರತ್ತು ಇದೇ. ಅಂಕ ಹೋಗುತ್ತದೆಂದು ಹೇಳಿಸುತ್ತೇವೆ, ಯಾಕಿದೆ ಅಂತ ತೋರಿಸುವುದಿಲ್ಲ. ಆ ಹುಡುಗಿ ತೋರಿಸುತ್ತಿದ್ದಳು. ನಾನು ‘ಒಳ್ಳೆಯ ಪ್ರಶ್ನೆ, ಆಮೇಲೆ ನೋಡೋಣ’ ಅಂದು ಮುಂದಿನ ಸ್ಲೈಡಿಗೆ ಹೋದೆ. ಅವಳು ಕೂತಳು. ಚಪ್ಪಾಳೆ ಆಯಿತು, ಫೋಟೋ ಆಯಿತು, ಹಸಿರು ಇಂಕೂ ಆಯಿತು. ಚಹಾ ಕುಡಿಯುವಾಗ ಪಕ್ಕದ ಹೋಬಳಿಯ ಹಿರಿಯ ಮೇಷ್ಟ್ರೊಬ್ಬರು ಮಾತ್ರ ನನ್ನ ಕಿವಿಯ ಹತ್ತಿರ ಬಂದು, ‘ಆ ಮೀಟರ್ ಸರಿಯಾಗೇ ಇತ್ತಲ್ಲವೇನ್ರೀ?’ ಅಂದರು.

ಮುಂದಿನ ವಾರ ಪ್ರೊಜೆಕ್ಟರ್ ಹಾಕಲಿಲ್ಲ. ಪ್ರವಾಹ ಹೆಚ್ಚುಕಡಿಮೆ ಮಾಡುವ ರಿಯೋಸ್ಟಾಟ್, ಅಮ್ಮೀಟರ್, ವೋಲ್ಟ್‌ಮೀಟರ್ ಕೆಳಗಿಳಿಸಿ ಧೂಳು ಒರೆಸಿದೆವು. ಮೊದಲ ಅವಧಿ ಪೂರ್ತಿ ಸಡಿಲ ಸಂಪರ್ಕ ಹುಡುಕುವುದಕ್ಕೇ ಹೋಯಿತು. ಸ್ಯಾಂಡ್‌ಪೇಪರ್ ಇಲ್ಲದ ಪ್ರಯೋಗಾಲಯ ಪ್ರಯೋಗಾಲಯವೇ ಅಲ್ಲ. ಎರಡನೆಯ ಅವಧಿಯಲ್ಲಿ ಅಳತೆ ಸಿಕ್ಕಿತು. ಬಲ್ಬ್ ಮಿಣುಕದಷ್ಟು ಕಡಿಮೆ ವೋಲ್ಟೇಜಿಗೆ ಒಂದೂವರೆ ಓಮ್ ಆಸುಪಾಸು, ಒಂದು ಸೆಲ್ ಹಾಕಿದಾಗ ಆರು ದಾಟಿತು, ಎರಡು ಸೆಲ್ ಹಾಕಿದಾಗ ಎಂಟರ ಮೇಲೆ. ಗ್ರಾಫ್ ನೇರ ಬರದೆ ಮೇಲೆ ಹೋಗುತ್ತಾ ಬಾಗಿತು. ಆಗ ಹಿಂದಿನ ಬೆಂಚಿನಿಂದ, ವರ್ಷವಿಡೀ ಬಾಯಿ ಬಿಡದ ಹುಡುಗ ಕೇಳಿದ: ‘ಅದಕ್ಕೇನಾ ಸರ್, ನಮ್ಮನೇಲಿ ಹಳೇ ಬಲ್ಬ್ ಯಾವಾಗ್ಲೂ ಸ್ವಿಚ್ ಹಾಕಿದ ತಕ್ಷಣಾನೇ ಹೋಗ್ತಿದ್ದದ್ದು?’ ಅದಕ್ಕೇ. ತಣ್ಣಗಿದ್ದಾಗ ರೋಧ ಕಡಿಮೆ, ಸ್ವಿಚ್ ಹಾಕಿದ ಕ್ಷಣ ಪ್ರವಾಹ ನುಗ್ಗುತ್ತದೆ, ತಂತಿ ಎಲ್ಲಿ ಸವೆದಿದೆಯೋ ಅಲ್ಲಿ ತುಂಡಾಗುತ್ತದೆ. ನನ್ನ ಸ್ಲೈಡುಗಳಲ್ಲಿ ಈ ಮಾತು ಎಲ್ಲೂ ಇರಲಿಲ್ಲ.

ಆಮೇಲೆ ಅದೇ ಸಿಮ್ಯುಲೇಶನ್ ತೆರೆದೆ. ಈ ಬಲ್ಬಿನ ಗ್ರಾಫ್ ಯಾಕೆ ಬಾಗುವುದಿಲ್ಲ ಅಂತ ಮಕ್ಕಳೇ ಕೇಳಿದರು, ಇದನ್ನು ಮಾಡಿದವರು ಬಿಸಿಯನ್ನು ಲೆಕ್ಕಕ್ಕೆ ತಗೊಂಡಿಲ್ಲ ಅಂತ ಅವರೇ ಉತ್ತರವನ್ನೂ ಕೊಟ್ಟರು. ಅದು ಸಿಮ್ಯುಲೇಶನ್ನಿನ ದೋಷವೇನಲ್ಲ. ನಿಯಮ ಚೊಕ್ಕವಾಗಿ ಕಾಣಲಿ ಅಂತಲೇ ಕೊಳೆ ತೆಗೆದಿರುತ್ತಾರೆ. ಚೊಕ್ಕವಾದದ್ದನ್ನು ಮೊದಲು ತೋರಿಸಿದರೆ ಆಮೇಲೆ ಕೈಯಲ್ಲಿರುವ ನಿಜವಾದ ಬಲ್ಬೇ ಸುಳ್ಳು ಅನ್ನಿಸಿಬಿಡುತ್ತದೆ, ನನಗೆ ಅನ್ನಿಸಿದ ಹಾಗೆ. ಈಗ ನನ್ನ ಕ್ರಮ ಬೇರೆ: ಮೊದಲು ಏನಾಗುತ್ತದೆಂದು ಪುಸ್ತಕದಲ್ಲಿ ಊಹೆ ಬರೆಯಬೇಕು, ಆಮೇಲೆ ಮೇಜಿನ ಮೇಲೆ ಬಲ್ಬು, ಪರದೆ ಕೊನೆಗೆ. ಸಮಾಂತರ ಜೋಡಣೆಗೆ ಮಾತ್ರ ಮೊದಲೇ ಸಿಮ್ಯುಲೇಶನ್ ಹಾಕುತ್ತೇನೆ. ನಲವತ್ತು ನಿಮಿಷದಲ್ಲಿ ಅಷ್ಟೊಂದು ಮಂಡಲ ಕಟ್ಟಿ ಬಿಚ್ಚಲು ವೈರಿನಲ್ಲಿ ಸಾಧ್ಯವಿಲ್ಲ. ಶಾರ್ಟ್ ಮಾಡಿದರೆ ಬ್ಯಾಟರಿಗೆ ಬೆಂಕಿ ಹತ್ತುವುದನ್ನು ಪರದೆಯಲ್ಲಿ ನೋಡುವುದೇ ಕ್ಷೇಮ.

ಒಂದು ತಲೆನೋವು ಉಳಿದಿದೆ. ಪಠ್ಯಪುಸ್ತಕದ ಅಭ್ಯಾಸದಲ್ಲಿ 220 ವೋಲ್ಟ್, 100 ವ್ಯಾಟ್‌ನ ಬಲ್ಬನ್ನು 110 ವೋಲ್ಟ್‌ಗೆ ಹಾಕಿದರೆ ಎಷ್ಟು ಸಾಮರ್ಥ್ಯ ಬಳಸುತ್ತದೆ ಅಂತ ಕೇಳುತ್ತಾರೆ. ಉತ್ತರ 25 ವ್ಯಾಟ್. ರೋಧ ಬದಲಾಗದಿದ್ದರೆ ತಾನೇ 25? ಅರ್ಧ ವೋಲ್ಟೇಜಿಗೆ ತಂತಿ ಅಷ್ಟು ಕಾಯುವುದಿಲ್ಲ, ರೋಧ ಇಳಿದಿರುತ್ತದೆ, ನಿಜವಾದ ಬಲ್ಬ್ 25ಕ್ಕಿಂತ ಹೆಚ್ಚೇ ಎಳೆಯುತ್ತದೆ. ಮೂರನೇ ಬೆಂಚಿನ ಹುಡುಗಿ ಇದನ್ನೂ ಬಿಡಲಿಲ್ಲ. ಎಸ್ಎಸ್ಎಲ್‌ಸಿಗೆ 25 ಅಂತಲೇ ಬರಿಯಮ್ಮಾ ಅಂದೆ. ಬರೆದಳು, ನಗುತ್ತಲೇ.

ಬಳಕೆ ವಹಿಯಲ್ಲಿ ನನ್ನ ನಿಮಿಷಗಳು ಈಗ ಕಡಿಮೆ. ಹೋದ ತಿಂಗಳು ಅದಕ್ಕೊಂದು ವಿವರಣೆ ಕೇಳಿ ಪತ್ರ ಬಂತು. ‘ಪ್ರಯೋಗ ನಡೆಸಲಾಯಿತು’ ಅಂತ ಬರೆದು ಕಳಿಸಿದ್ದೇನೆ. ಅದಕ್ಕೂ ಫೋಟೋ ಬೇಕಂತೆ. ಅದಿರಲಿ, ಟಾರ್ಚಿನ ತಂತಿ ಬಲ್ಬ್ ನಮ್ಮ ಪೇಟೆಯಲ್ಲಿ ಈಗ ಸಿಗುತ್ತಿಲ್ಲ, ಕೇಳಿದರೆ ಅಂಗಡಿಯವರು ಎಲ್‌ಇಡಿ ತೋರಿಸುತ್ತಾರೆ. 2.5 ವೋಲ್ಟ್‌ನದು ಎಲ್ಲಾದರೂ ಡಬ್ಬಿಗಟ್ಟಲೆ ಸಿಗುವುದಾದರೆ ಯಾರಾದರೂ ತಿಳಿಸಿ. ಜೂನ್ ಒಳಗೆ ಬೇಕು.