ಸತ್ತ ಇಸಿಯು, ಬದುಕಿದ್ದ ಚಿಪ್

2024 ಆಗಸ್ಟ್ 10, ಶನಿವಾರ

ಭಾವನ ಗಾಡಿಗೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಡಬ್ಬ, ಬದಲಾಯಿಸುವ ಕೆಲಸ ಅರ್ಧಕ್ಕೆ ಬಂದು ನಿಂತಿದೆ. ಬಾನೆಟ್ ಎತ್ತಿ, ನಾಲ್ಕು ಬೋಲ್ಟ್ ಬಿಚ್ಚಿ, ಡಬ್ಬ ತೆಗೆದು ಇನ್ನೊಂದು ಕೂರಿಸುವುದು ಟೀ ಆರುವುದರೊಳಗೆ ಮುಗಿಯುವ ಮಾತು. ಕಷ್ಟವೆಲ್ಲ ಅಲ್ಲಿಂದಾಚೆಗೆ.

ಗಾಡಿ ಮಳೆಯಲ್ಲಿ ನಿಂತಿತ್ತು. ಆಮೇಲೆ ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತೆ, ಎಂಜಿನ್ ಹಿಡಿಯಲ್ಲ. ಚೆಕ್ ಎಂಜಿನ್ ದೀಪವೂ ಹತ್ತಲ್ಲ. ಕೀ ಆನ್ ಮಾಡಿದ ಕೂಡಲೇ ಆ ದೀಪ ಒಮ್ಮೆ ಹತ್ತಬೇಕು. ಹತ್ತದಿದ್ದರೆ ಇಸಿಯು ಎದ್ದೇ ಇಲ್ಲ ಎಂಬ ಅನುಮಾನ ಬರಬೇಕು. ಸ್ಕ್ಯಾನರ್ ಹಾಕಿದರೆ ಬ್ರೇಕಿನ ಎಬಿಎಸ್ ಮಾತಾಡುತ್ತೆ, ಮೀಟರ್ ಬೋರ್ಡ್ ಮಾತಾಡುತ್ತೆ, ಇಬ್ಬರೂ ಸೇರಿ ಯು0100 ಅಂತ ದೂರು ಕೊಡುತ್ತವೆ, ಅಂದರೆ ಎಂಜಿನ್ ಕಂಪ್ಯೂಟರಿನ ಸಂಪರ್ಕ ಸಿಗುತ್ತಿಲ್ಲ ಅಂತ. ಮೊದಲು ನೋಡಿದ ಗ್ಯಾರೇಜಿನವರು ಅಷ್ಟಕ್ಕೇ 'ಇಸಿಯು ಹೋಗಿದೆ' ಅಂದಿದ್ದರಂತೆ. ತೀರ್ಪು ಸರಿಯಾಗಿಯೇ ಇತ್ತು, ವಿಚಾರಣೆ ಮಾತ್ರ ನಡೆದಿರಲಿಲ್ಲ.

ಆ ವಿಚಾರಣೆ ನಾನು ಮಾಡಿದೆ. ಫ್ಯೂಸ್, ಮೇನ್ ರಿಲೇ, ಅರ್ತ್. ಅರ್ತ್ ನೋಡುವಾಗ ಮಲ್ಟಿಮೀಟರಿನ ಓಮ್ ನಂಬಬಾರದು, ಒಂದು ಬಲ್ಬಿನ ಭಾರ ಹಾಕಿಯೇ ನೋಡಬೇಕು. ಒಂದೇ ಎಳೆ ಉಳಿದಿರುವ ತಂತಿಯೂ ಮೀಟರಿಗೆ ಚೆನ್ನಾಗಿಯೇ ಕಾಣುತ್ತದೆ. ಬ್ಯಾಟರಿ ಕಳಚಿ ಡಯಾಗ್ನೋಸ್ಟಿಕ್ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಅಳೆದರೆ 60 ಓಮ್ ಆಸುಪಾಸು ಬಂತು, ಅಂದರೆ ಈ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವ ಕ್ಯಾನ್ ತಂತಿಗಳು ನೆಟ್ಟಗಿವೆ. ಇನ್ನೊಂದು ಪರೀಕ್ಷೆಯನ್ನು ಹಲವರು ಬಿಟ್ಟುಬಿಡುತ್ತಾರೆ. ಸೆನ್ಸರ್‌ಗಳಿಗೆ ಇಸಿಯು 5 ವೋಲ್ಟ್ ಕೊಡುತ್ತದೆ. ಯಾವುದೋ ಒಂದು ಸೆನ್ಸರ್ ಒಳಗೇ ಶಾರ್ಟ್ ಆಗಿ ಆ 5 ವೋಲ್ಟನ್ನು ನೆಲಕ್ಕೆಳೆದರೆ, ಕೆಲವು ಗಾಡಿಗಳಲ್ಲಿ ಆರೋಗ್ಯವಾಗಿರುವ ಇಸಿಯು ಕೂಡ ಸತ್ತಂತೆ ಬಿದ್ದಿರುತ್ತದೆ. ಸೆನ್ಸರ್‌ಗಳನ್ನು ಒಂದೊಂದಾಗಿ ಕಳಚಿ ನೋಡಿದೆ, ಇಲ್ಲಿ ಹಾಗಿರಲಿಲ್ಲ.

ಡಬ್ಬದ ಮುಚ್ಚಳ ಬಿಸಿ ಮಾಡಿ ಸಿಲಿಕೋನ್ ಕೊಯ್ದು ತೆರೆದಾಗ ಅನುಮಾನ ಉಳಿಯಲಿಲ್ಲ. ಕನೆಕ್ಟರ್ ಬುಡದಲ್ಲಿ ಹಸಿರು ಕಿಲುಬು, ಪವರ್ ಸಪ್ಲೈ ಚಿಪ್ಪಿನ ಎರಡು ಕಾಲು ಕರಗಿಹೋಗಿವೆ. ಮುಂದಿನ ಗಾಜಿನ ಕೆಳಗಿನ ತೊಟ್ಟಿಯಲ್ಲಿ ಎಲೆ ಕಟ್ಟಿಕೊಂಡು, ನೀರು ಹರಿದುಹೋಗುವ ತೂತು ಮುಚ್ಚಿ, ಡಬ್ಬ ನೀರಲ್ಲಿ ನೆನೆದಿದೆ.

ಭಾವ ಅಷ್ಟರಲ್ಲಿ ಗುಜರಿಯಿಂದ ಅದೇ ನಂಬರಿನ ಇಸಿಯು ತಂದಿದ್ದರು. ಹಾರ್ಡ್‌ವೇರ್ ನಂಬರ್ ಒಂದೇ, ಸಾಫ್ಟ್‌ವೇರ್ ನಂಬರೂ ಒಂದೇ. ಹಾಕಿ ಕೀ ತಿರುಗಿಸಿದರೆ ಎಂಜಿನ್ ಗುರ್ ಎಂದು ಎದ್ದಿತು, ಒಂದು ಸೆಕೆಂಡಿನಲ್ಲೇ ಆರಿತು. ಮೀಟರಿನಲ್ಲಿ ಕೀ ಚಿತ್ರದ ದೀಪ ಮಿಣುಕುತ್ತಿತ್ತು.

'ಡಬ್ಬ ಕೆಟ್ಟದ್ದು ಕೊಟ್ಟಿದಾನೆ ಕಣೋ,' ಅಂದರು ಭಾವ.

'ಡಬ್ಬ ಚೆನ್ನಾಗಿದೆ ಭಾವ. ಗಾಡಿ ಅದನ್ನ ಒಪ್ತಿಲ್ಲ, ಅಷ್ಟೇ.'

ಕೀಲಿಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡ ಟ್ರಾನ್ಸ್‌ಪಾಂಡರ್, ಅಂದರೆ ಕೇಳಿದರೆ ಉತ್ತರ ಕೊಡುವ ರೇಡಿಯೋ ಚಿಪ್, ಇರುತ್ತದೆ. ಅದಕ್ಕೆ ಬ್ಯಾಟರಿ ಇಲ್ಲ. ಇಗ್ನಿಷನ್ ಲಾಕಿನ ಸುತ್ತ ಇರುವ ತಂತಿಸುರುಳಿ ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಶಕ್ತಿ ಕೊಟ್ಟಾಗ ಮಾತ್ರ ಎಚ್ಚರಗೊಳ್ಳುತ್ತದೆ. ಇಮೊಬಿಲೈಸರ್, ಅಂದರೆ ಸರಿಯಾದ ಕೀ ಇಲ್ಲದೆ ಗಾಡಿ ಹೊರಡದಂತೆ ತಡೆಯುವ ಕಾವಲು, ಒಂದು ಯಾದೃಚ್ಛಿಕ ಸಂಖ್ಯೆ ಕಳಿಸುತ್ತದೆ. ಚಿಪ್ ತನ್ನ ಗುಟ್ಟಿನ ಕೋಡಿನಿಂದ ಲೆಕ್ಕ ಹಾಕಿ ಉತ್ತರ ಕೊಡುತ್ತದೆ. ಹಲವರಿಗೆ ಇಷ್ಟು ಗೊತ್ತಿರುತ್ತೆ. ಇದರ ಹಿಂದೆ ಇನ್ನೊಂದು ಮಾತುಕತೆ ನಡೆಯುತ್ತದೆ: ಇಮೊಬಿಲೈಸರಿಗೂ ಇಸಿಯುಗೂ ನಡುವೆ. ಈ ಗಾಡಿಯಲ್ಲಿ ಇಮೊಬಿಲೈಸರ್ ಇರುವುದು ಮೀಟರ್ ಬೋರ್ಡಿನೊಳಗೆ. ಕೀ ಸರಿ ಅಂತ ಅದು ಒಪ್ಪಿದರೂ, ಎದುರಿಗಿರುವ ಇಸಿಯು ತನ್ನ ಜೋಡಿಯದ್ದಲ್ಲ ಎಂದಾದರೆ ಇಂಧನ ನಿಂತುಹೋಗುತ್ತದೆ. ಕೆಲವು ಗಾಡಿಗಳಲ್ಲಿ ಸೆಲ್ಫೇ ಹೊಡೆಯುವುದಿಲ್ಲ. ಹೊಸ ಡಬ್ಬ ತಂದರೆ ಅರ್ಧ ಕೆಲಸ ಮಾತ್ರ ಆದಂತೆ. ಗಾಡಿಯ ಗುರುತು ಹಳೇ ಡಬ್ಬದಲ್ಲೇ ಉಳಿದಿರುತ್ತದೆ.

ಐರೋಪ್ಯ ಒಕ್ಕೂಟ 1998ರಿಂದ ಹೊಸ ಕಾರುಗಳಿಗೆ ಇಮೊಬಿಲೈಸರನ್ನು ಕಡ್ಡಾಯ ಮಾಡಿತು. ಒಡೆಯಲಾಗದ್ದೇನಲ್ಲ. ಮೆಗಾಮೊಸ್ ಕ್ರಿಪ್ಟೊ ಎಂಬ ಟ್ರಾನ್ಸ್‌ಪಾಂಡರಿನ ದೌರ್ಬಲ್ಯ ಬಯಲು ಮಾಡಿದ ಸಂಶೋಧಕರ ಪ್ರಬಂಧವನ್ನು 2013ರಲ್ಲಿ ಫೋಕ್ಸ್‌ವ್ಯಾಗನ್ ಕೇಳಿದ ಮೇರೆಗೆ ಇಂಗ್ಲೆಂಡಿನ ನ್ಯಾಯಾಲಯ ತಡೆಹಿಡಿಯಿತು; ಹೊರಬಂದದ್ದು 2015ರಲ್ಲಿ. ಆದರೂ ರಾತ್ರಿ ಗಾಜು ಒಡೆದು ತಂತಿ ಜೋಡಿಸುವ ಕಳ್ಳನಿಗೆ ಇದು ಇವತ್ತಿಗೂ ಗಟ್ಟಿ ಗೋಡೆ.

ಅದಕ್ಕೇ 'ಇಮೊಬಿಲೈಸರನ್ನೇ ತೆಗೆದುಹಾಕ್ತೀವಿ' ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಸಾಫ್ಟ್‌ವೇರಿನಲ್ಲಿ ಆ ತಪಾಸಣೆ ಆಫ್ ಮಾಡಿದರೆ ಗಾಡಿ ಹೊರಡುತ್ತೆ, ನಿಜ. ಕಳ್ಳನ ಕೈಯಲ್ಲೂ ಹೊರಡುತ್ತೆ, ವಿಮೆಯವರು ಕೇಳಿದರೆ ಹೇಳಲು ಉತ್ತರವಿರುವುದಿಲ್ಲ. ಕಂಪನಿಯ ದಾರಿಯೂ ಇದೆ: ಹೊಸ ಇಸಿಯು, ಮಾಲೀಕತ್ವದ ದಾಖಲೆ, ಸೆಕ್ಯುರಿಟಿ ಕೋಡ್, ಸ್ಕ್ಯಾನರಿನಿಂದ ಜೋಡಣೆ. ಅದು ಗೌರವದ ದಾರಿ, ಆದರೆ ದುಬಾರಿ. ಇಲ್ಲವೇ ಇಸಿಯು, ಮೀಟರ್ ಬೋರ್ಡ್, ಕೀ ಮೂರನ್ನೂ ಒಂದೇ ಗುಜರಿ ಗಾಡಿಯಿಂದ ತಂದು ಹಾಕಬಹುದು; ಆಗ ಓಡಿದ ಕಿಲೋಮೀಟರ್ ಬೇರೆ ಗಾಡಿಯದ್ದು ತೋರಿಸುತ್ತದೆ.

ನಾನು ಹಿಡಿದದ್ದು ನಾಲ್ಕನೆಯದು. ಹಳೇ ಬೋರ್ಡಿನ ಮೂಲೆಯಲ್ಲಿ ಎಂಟು ಕಾಲಿನ ಪುಟ್ಟ ಈಇಪ್ರಾಮ್ ಇದೆ, ಕರೆಂಟ್ ಹೋದರೂ ಮಾಹಿತಿ ಮರೆಯದ ಮೆಮೊರಿ ಚಿಪ್; ನಂಬರ್ 95080. ಹಿಡಿಸುವುದು ಬರೀ ಒಂದು ಕಿಲೋಬೈಟ್. ಗಾಡಿಯ ಗುರುತೆಲ್ಲ ಅದರಲ್ಲಿ. ಬೋರ್ಡಿನ ಮೇಲೇ ಕ್ಲಿಪ್ ಹಾಕಿ ಓದಿದರೆ ಪ್ರೊಸೆಸರ್ ಅರ್ಧ ಎಚ್ಚರಾಗಿ ಮಧ್ಯೆ ಮೂಗು ತೂರಿಸುತ್ತದೆ; ಹಾಗಾಗಿ ವಾರ್ನಿಷ್ ಕೆರೆದು ಬಿಸಿಗಾಳಿಯಲ್ಲಿ ಬಿಡಿಸಿದೆ. ಎರಡು ಸಲ ಓದಿ ಹೋಲಿಸಿದೆ, ಬೈಟಿಗೆ ಬೈಟು ತಾಳೆಯಾಯಿತು. ಸ್ಕ್ರೀನಿನ ಬಲಗಡೆ, ಅರ್ಥವಿಲ್ಲದ ಚುಕ್ಕಿಗಳ ನಡುವೆ ಭಾವನ ಗಾಡಿಯ ಚಾಸಿ ನಂಬರಿನ 17 ಅಕ್ಷರ ಸಾಲಾಗಿ ನಿಂತಿದ್ದವು. ಭಾವ ಆರ್‌ಸಿ ತೆಗೆದು ಒಂದೊಂದೇ ಅಕ್ಷರ ಬೆರಳಿಟ್ಟು ಓದಿದರು.

2024 ಆಗಸ್ಟ್ 11, ಭಾನುವಾರ

ಗುಜರಿ ಇಸಿಯುವಿನ ಚಿಪ್ಪನ್ನೂ ಮೊದಲು ಓದಿ ಬೇರೆ ಫೈಲಿನಲ್ಲಿಟ್ಟೆ, ಎಡವಟ್ಟಾದರೆ ಹಿಂದಿರುಗಲು. ನಂತರ ಅದೇ ಚಿಪ್ಪಿಗೆ ಹಳೆಯದರ ಡಾಟಾವನ್ನು ಪೂರ್ತಿ ಬರೆದೆ. ಹಳೇ ಚಿಪ್ಪನ್ನೇ ಬೆಸುಗೆ ಹಾಕಬಹುದಿತ್ತು, ಆದರೆ ನೀರು ಕುಡಿದದ್ದರ ಮೇಲೆ ನನಗೆ ಭರವಸೆಯಿಲ್ಲ. ಒಳಗಿನ ಬೈಟುಗಳನ್ನು ಕೈಯಿಂದ ತಿದ್ದುವ ಗೋಜಿಗೂ ಹೋಗಲಿಲ್ಲ. ಮಾಹಿತಿಗೆ ಚೆಕ್‌ಸಮ್, ಅಂದರೆ ತಾಳೆ ನೋಡುವ ಮೊತ್ತದ ಕಾವಲಿದೆ, ಒಂದು ಬೈಟ್ ತಪ್ಪಿದರೂ ಇಸಿಯು ಮುನಿಸಿಕೊಳ್ಳುತ್ತದೆ. ಹೊಸ ಗಾಡಿಗಳಲ್ಲಿ ಈ ಉಪಾಯ ಅಷ್ಟು ಸುಲಭವಲ್ಲ. ಗುರುತು ಪ್ರೊಸೆಸರಿನೊಳಗೇ ಬೀಗ ಹಾಕಿಕೊಂಡು ಕೂತಿರುತ್ತದೆ.

ಕೀ ಆನ್. ಕೀ ಚಿತ್ರದ ದೀಪ ಹತ್ತಿ ಆರಿತು. ಎಂಜಿನ್ ಎದ್ದಿತು, ನಿಲ್ಲಲಿಲ್ಲ, ಆದರೆ ಐಡ್ಲಿಂಗ್ ಏರಿಳಿಯುತ್ತಿತ್ತು. ಥ್ರಾಟಲ್ ಅಡಾಪ್ಟೇಶನ್, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಿನ ಅಳತೆಯನ್ನು ಇಸಿಯುಗೆ ಹೊಸದಾಗಿ ಕಲಿಸುವುದು, ಮಾಡಿಸಿದ ಮೇಲೆ ಸರಿಹೋಯಿತು.  ಎರಡನೇ ಕೀಯಲ್ಲೂ ಸ್ಟಾರ್ಟ್ ಆಯಿತು; ಕೀಗಳ ಪಟ್ಟಿ ಮೀಟರ್ ಬೋರ್ಡಿನಲ್ಲಿದೆ, ಅದನ್ನು ನಾವು ಮುಟ್ಟಿಯೇ ಇಲ್ಲವಲ್ಲ.

ತೊಟ್ಟಿಯ ತೂತಿನಿಂದ ಒಂದು ಹಿಡಿ ಕೊಳೆತ ಎಲೆ ಬಂತು. ಒಂದು ಮಗ್ ನೀರು ಸುರಿದು, ಅದು ಗಾಡಿಯ ಅಡಿಯಲ್ಲಿ ಬೀಳುವುದನ್ನು ನೋಡಿದೆವು. ಹಳೇ ಡಬ್ಬವನ್ನು ಗುಜರಿಗೆ ಕೊಡಬೇಡಿ ಅಂತ ಭಾವನಿಗೆ ಹೇಳಿದ್ದೇನೆ, ಎರಡೂ ಫೈಲುಗಳನ್ನು ಅವರ ಪೆನ್‌ಡ್ರೈವಿಗೂ ಹಾಕಿಕೊಟ್ಟಿದ್ದೇನೆ. ಮುಚ್ಚಳದ ಸಿಲಿಕೋನ್ ಒಣಗಲು ಒಂದು ದಿನ ಬೇಕು, ನಾಳೆ ಸಂಜೆವರೆಗೆ ಗಾಡಿ ತೊಳೆಯುವ ಹಾಗಿಲ್ಲ.