ಕ್ರಿಸ್‌ಮಸ್ಸಿಗೆ ಚಕ್ಕುಲಿ ಯಾಕೆ ಅಂತ ಇನ್ನು ನನ್ನನ್ನು ಕೇಳಬೇಡಿ

ಪ್ರತಿ ವರ್ಷ ಡಿಸೆಂಬರ್ ಕೊನೆಯ ವಾರ ಆಫೀಸಿಗೆ ಒಂದು ದೊಡ್ಡ ಡಬ್ಬಿ ಒಯ್ಯುತ್ತೇನೆ. ಪ್ರತಿ ವರ್ಷ ಯಾರಾದರೊಬ್ಬರು ಮುಚ್ಚಳ ತೆಗೆದು, ಒಳಗೆ ಇಣುಕಿ, "ಅಯ್ಯೋ ಚಕ್ಕುಲಿ! ನೀವು ಕ್ರಿಶ್ಚಿಯನ್ಸ್ ಅಲ್ವಾ?" ಅನ್ನುತ್ತಾರೆ. ಹದಿನಾಲ್ಕು ವರ್ಷ ಆಯಿತು. ಮೊದಮೊದಲು ನಗುತ್ತಾ ಉತ್ತರ ಹೇಳುತ್ತಿದ್ದೆ. ಆಮೇಲೆ ನಗು ಹೋಗಿ ಉತ್ತರ ಮಾತ್ರ ಉಳಿಯಿತು. ಈಗ ಅದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಮುಂದಿನ ಡಿಸೆಂಬರಿಗೆ ಲಿಂಕ್ ಕಳಿಸಿದರಾಯಿತು, ಬಾಯಿ ತಿನ್ನಲಿಕ್ಕೆ ಬಿಡುವಾಗಿರುತ್ತದೆ.

ಚಿಕ್ಕ ಉತ್ತರ ಬೇಕಾದವರಿಗೆ: ನಾವು ಮಂಗಳೂರಿನವರು, ನಮಗೂ ಹಲ್ಲಿದೆ. ಇಷ್ಟು ಸಾಕಾದವರು ಇಲ್ಲಿಗೇ ಎದ್ದು ಹೋಗಬಹುದು.

ನನಗೆ ಸಿಟ್ಟು ಬರುವುದು ಪ್ರಶ್ನೆಗಿಂತ ಹೆಚ್ಚಾಗಿ ಅದನ್ನು ಕೇಳುವ ಧಾಟಿಗೆ. "ಕೇಕ್ ಎಲ್ಲಿ?" ಅನ್ನುವವರು ಪರವಾಗಿಲ್ಲ, ಅವರದು ಹಸಿವು. "ಓ, ನೀವೂ ಇದೆಲ್ಲ ಮಾಡ್ತೀರಾ?" ಅಂತ ಹುಬ್ಬೇರಿಸುವವರನ್ನೂ ಸಹಿಸಬಹುದು. ಮೂರು ವರ್ಷದ ಹಿಂದೆ ಒಬ್ಬ ಸಹೋದ್ಯೋಗಿ ಒಂದು ಹೆಜ್ಜೆ ಮುಂದೆ ಹೋದರು. ಒಳ್ಳೆಯ ಮನುಷ್ಯ, ನನ್ನ ಅಮ್ಮನಿಗೆ ಹುಷಾರಿಲ್ಲದಾಗ ದಿನಾ ವಿಚಾರಿಸುತ್ತಿದ್ದವರು. ಅವತ್ತು ಡಬ್ಬಿಯಿಂದ ಒಂದು ನೆವ್ರಿ ಎತ್ತಿಕೊಂಡು, ಅಕ್ಕಸಾಲಿಗ ಬಳೆ ನೋಡುವ ಹಾಗೆ ಬೆಳಕಿಗೆ ಹಿಡಿದು ತಿರುಗಿಸಿ, ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟರು: "ಇದು ಕರ್ಜಿಕಾಯಿ. ಪಕ್ಕಾ ಕರ್ಜಿಕಾಯಿ. ನಮ್ಮದನ್ನೇ ತಗೊಂಡು ಹೆಸರು ಚೇಂಜ್ ಮಾಡಿದ್ದೀರಲ್ಲ ಮೇಡಂ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ನಾಲ್ಕು ತಿಂದರು. ಎಣಿಸಿದ್ದೇನೆ.

ಸರಿಯಾದ ಉತ್ತರ ಹೊಳೆದದ್ದು ರಾತ್ರಿ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸು ನಿಂತಲ್ಲೇ ನಿಂತಿದ್ದಾಗ. "ಅದು ನಾವು ತಗೊಂಡದ್ದಲ್ಲ ಸಾರ್, ಬಿಡದೆ ಇಟ್ಟುಕೊಂಡದ್ದು." ಆದರೆ ಅಷ್ಟು ಹೊತ್ತಿಗೆ ಸಾರ್ ಮನೆಗೆ ಹೋಗಿ ಊಟ ಮಾಡಿ ಮಲಗಿರುತ್ತಾರೆ.

ಈಗ ಹೇಳುತ್ತೇನೆ, ಕೇಳಿ. ಮಂಗಳೂರಿನ ಕೊಂಕಣಿ ಕೆಥೊಲಿಕರ ಹಿರಿಯರು ಗೋವಾದಿಂದ ಬಂದವರು. ಒಂದೇ ಸಲ ಬಂದವರಲ್ಲ, 16ರಿಂದ 18ನೇ ಶತಮಾನದವರೆಗೆ ಗುಂಪು ಗುಂಪಾಗಿ ಬಂದವರು. ಬರ, ರೋಗ, ತೆರಿಗೆ, ಮರಾಠರ ದಾಳಿ, ಹೀಗೆ ಕಾರಣಗಳು ಹಲವು. ಅವುಗಳ ಜೊತೆಗೆ ಇನ್ನೊಂದಿತ್ತು. 1560ರಲ್ಲಿ ಪೋರ್ಚುಗೀಸರು ಗೋವಾದಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ತೆರೆದರು. ಇನ್‌ಕ್ವಿಸಿಷನ್ ಅನ್ನುತ್ತಾರಲ್ಲ, ಅದೇ. ಅದು ಕಣ್ಣಿಟ್ಟದ್ದು ಮುಖ್ಯವಾಗಿ ಮತಾಂತರಗೊಂಡವರ ಮೇಲೆ. ಇಗರ್ಜಿಗೆ ಹೋಗುತ್ತಾರೆ ಸರಿ, ಮನೆಯಲ್ಲಿ ಏನು ಮಾಡುತ್ತಾರೆ? 1736ರಲ್ಲಿ ಹೊರಟ ಆಜ್ಞೆಯೊಂದರಲ್ಲಿ ನಿಷೇಧಗಳ ಉದ್ದ ಪಟ್ಟಿಯೇ ಇತ್ತು. ಮನೆಯ ಬಳಿ ತುಳಸಿ ಇರಬಾರದು ಅನ್ನುವುದು ಅದರಲ್ಲೊಂದು. ಹಿಂದೂಗಳಂತೆ ಉಪ್ಪು ಹಾಕದೆ ಅನ್ನ ಬೇಯಿಸಬಾರದು ಅನ್ನುವುದು ಇನ್ನೊಂದು.

ಉಪ್ಪು! ಒಂದು ಸಾಮ್ರಾಜ್ಯ, ಅದರ ಹಡಗು, ಫಿರಂಗಿ, ಪಾದ್ರಿಗಳು, ಗುಮಾಸ್ತರು, ಎಲ್ಲರೂ ಸೇರಿ ಒಬ್ಬ ಹೆಂಗಸಿನ ಅನ್ನದ ಮಡಕೆಯಲ್ಲಿ ಉಪ್ಪಿದೆಯೋ ಇಲ್ಲವೋ ಎಂದು ನೋಡುತ್ತಿದ್ದ ಕಾಲ ಅದು. ಹಾಗೆ ಇಣುಕಿಸಿಕೊಂಡವರ ಪೈಕಿ ಕೆಲವರು ಗಂಟುಮೂಟೆ ಕಟ್ಟಿ ದಕ್ಷಿಣಕ್ಕೆ ಬಂದರು. ಕೆಳದಿಯ ಅರಸರ ಸೀಮೆಯಲ್ಲಿ ಅವರಿಗೆ ಜಮೀನು ಸಿಕ್ಕಿತು, ಬೇಸಾಯ ಮಾಡಿದರು. ಬರುವಾಗ ಶಿಲುಬೆಯನ್ನೂ ತಂದರು, ನೆವ್ರಿಯನ್ನೂ ತಂದರು. ಗೋವಾದ ಹಿಂದೂಗಳ ಮನೆಯಲ್ಲಿ ಇವತ್ತಿಗೂ ಚೌತಿಗೆ ನೆವ್ರಿ ಇದೆ. ಎರಡೂ ಒಂದೇ ಒಲೆಯಿಂದ ಎದ್ದು ಬಂದವು. ಒಲೆಯ ಒಂದು ಪಾಲು ಚೌತಿಗೆ ಹೋಯಿತು, ಇನ್ನೊಂದು ಪಾಲು ನಾತಾಲಿಗೆ ಬಂತು. (ನಾತಾಲ್ ಅಂದರೆ ಕೊಂಕಣಿಯಲ್ಲಿ ಕ್ರಿಸ್‌ಮಸ್. ಆ ಪದ ಮಾತ್ರ ಪೋರ್ಚುಗೀಸರದು, ಅದನ್ನು ಅಲ್ಲಗಳೆಯುವುದಿಲ್ಲ.)

ಆದ್ದರಿಂದ ಬೆಳಕಿಗೆ ಹಿಡಿದು ಪರೀಕ್ಷೆ ಮಾಡುವ ಸಾರ್, ನೀವು ಮೊದಲನೆಯವರಲ್ಲ. ನಿಮಗಿಂತ ಮೊದಲು ಬಂದವರು 'ಇದು ಹಿಂದೂಗಳದು' ಅಂತಲೇ ನಮ್ಮ ಮಡಕೆಯ ಮುಚ್ಚಳ ತೆಗೆದದ್ದು. ಅವರು ನಾಲ್ಕು ತಿಂದು ಹೋಗಲಿಲ್ಲ ಅನ್ನುವುದಷ್ಟೇ ವ್ಯತ್ಯಾಸ.

ಇನ್ನು, ಯಾರದು ಯಾರು ತಗೊಂಡರು ಎಂಬ ಲೆಕ್ಕ ಶುರು ಮಾಡಿದರೆ ನನ್ನ ಹತ್ತಿರವೂ ಪುಸ್ತಕ ಇದೆ. ನಿಮ್ಮ ಪಾಯಸದಲ್ಲಿ ತೇಲುವ ಗೋಡಂಬಿ ಬ್ರೆಜಿಲಿನಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಸಾರಿನ ಒಣಮೆಣಸಿನಕಾಯಿಯ ತವರೂ ಅಮೆರಿಕ ಖಂಡವೇ. ಬಟಾಟೆ, ಅನಾನಸು, ಚಾವಿ, ಅಲಮಾರು, ಇವೆಲ್ಲ ಅವರ ಬಾಯಿಂದ ಬಂದ ಮಾತುಗಳು. ಮೆಣಸಿನಕಾಯಿ ಹಿಂದಿರುಗಿಸಿ, ಚಕ್ಕುಲಿ ಹಿಂದಿರುಗಿಸುತ್ತೇನೆ. ಇದು ಜಗಳಗಂಟಿ ವಾದ ಅಂತ ನನಗೂ ಗೊತ್ತು. ಆದರೆ ಶುರು ಮಾಡಿದ್ದು ನಾನಲ್ಲ.

ಕೇಕಿನ ವಿಷಯ ಬೇಗ ಮುಗಿಸುತ್ತೇನೆ. ಹಣ್ಣು ಹಾಕಿದ ಕಪ್ಪು ಕೇಕು ಇಂಗ್ಲಿಷರದು. ಪ್ಲಮ್ ಕೇಕಿನಲ್ಲಿ ಪ್ಲಮ್ ಎಲ್ಲಿ ಅಂತ ಹುಡುಕಬೇಡಿ, ಹಳೆಯ ಇಂಗ್ಲಿಷಿನಲ್ಲಿ ಒಣದ್ರಾಕ್ಷಿಗೂ ಹಾಗೇ ಅನ್ನುತ್ತಿದ್ದರು. ನಮ್ಮ ಕರಾವಳಿಯ ಕೆಳಗೆ ತಲಶ್ಶೇರಿಯಲ್ಲಿ ಮಂಬಳ್ಳಿ ಬಾಪು ಎಂಬ ಬೇಕರಿಯವರು 1883ರಲ್ಲಿ ಒಬ್ಬ ಬ್ರಿಟಿಷ್ ತೋಟದ ಮಾಲೀಕನಿಗೆ ಕ್ರಿಸ್‌ಮಸ್ ಕೇಕು ಮಾಡಿಕೊಟ್ಟ ಕಥೆ ಪ್ರಸಿದ್ಧ. ಅಂದರೆ ನೀವು 'ಅಸಲಿ ಕ್ರಿಸ್‌ಮಸ್ ತಿಂಡಿ' ಅಂತ ಕೇಳುವ ಕೇಕು ನಮ್ಮ ತಟ್ಟೆಗೆ ಕೊನೆಗೆ ಬಂದ ನೆಂಟ. ನೆವ್ರಿ, ಚಕ್ಕುಲಿ ಅದಕ್ಕಿಂತ ಎಷ್ಟೋ ಮೊದಲೇ ಬಂದು ಕುಳಿತಿದ್ದವು. ಆಫೀಸಿನ ಲಿಫ್ಟಿನಲ್ಲಿ ಡಿಸೆಂಬರ್ ಪೂರ್ತಿ ಜಿಂಗಲ್ ಬೆಲ್ಸ್ ಹಾಕುತ್ತಾರಲ್ಲ, ಅದೂ ಅಷ್ಟೇ. 1857ರಲ್ಲಿ ಅಮೆರಿಕದಲ್ಲಿ ಅಚ್ಚಾದ, ಹಿಮದಲ್ಲಿ ಕುದುರೆಬಂಡಿ ಓಡಿಸುವ ಹಾಡು. ಯೇಸುವೂ ಇಲ್ಲ, ಬೆತ್ಲೆಹೇಮೂ ಇಲ್ಲ, ಕ್ರಿಸ್‌ಮಸ್ ಎಂಬ ಪದವೇ ಇಲ್ಲ. ಅದನ್ನು ಮಾತ್ರ ಯಾರೂ ಬೆಳಕಿಗೆ ಹಿಡಿದು ನೋಡುವುದಿಲ್ಲ.

ನಿಜ ಹೇಳಬೇಕೆಂದರೆ ಚಕ್ಕುಲಿ ಎಲ್ಲಿಂದ ಬಂತು ಅನ್ನುವುದರಲ್ಲಿ ನನಗೆ ಅಂಥ ಆಸಕ್ತಿ ಇಲ್ಲ. ಡಬ್ಬಿ ನೋಡಿದವರು ಒಬ್ಬರಾದರೂ 'ಇಷ್ಟೊಂದು ಯಾರಿಗೆ?' ಅಂತ ಕೇಳಲಿ ಅಂತ ಕಾಯುತ್ತಿದ್ದೇನೆ. ಹದಿನಾಲ್ಕು ವರ್ಷದಲ್ಲಿ ಯಾರೂ ಕೇಳಿಲ್ಲ. ಕೇಳಿದರು ಅಂತಲೇ ಇಟ್ಟುಕೊಳ್ಳಿ.

ಈ ತಿಂಡಿಗಳಿಗೆಲ್ಲ ಸೇರಿಸಿ ನಾವು ಹೇಳುವುದು 'ಕುಸ್ವಾರ್' ಅಂತ. ಪೋರ್ಚುಗೀಸಿನ 'ಕೊನ್ಸುವಾದ' ಎಂಬ ಪದದಿಂದ ಬಂದದ್ದು ಅನ್ನುತ್ತಾರೆ. ಹಿಂದೆ ಡಿಸೆಂಬರ್ 24 ಕೆಥೊಲಿಕರಿಗೆ ಉಪವಾಸದ ದಿನ. ಉಪವಾಸದ ದಿನ ರಾತ್ರಿ ಹೊಟ್ಟೆಗೆ ಒಂದಿಷ್ಟು ಲಘುವಾಗಿ ಹಾಕಿಕೊಳ್ಳುವುದಕ್ಕೆ ಕೊನ್ಸುವಾದ ಅನ್ನುತ್ತಿದ್ದರು. ಆಮೇಲೆ ಅದೇ ಪದಕ್ಕೆ ಕ್ರಿಸ್‌ಮಸ್ ಹೊತ್ತಿಗೆ ಕೊಡುವ ಉಡುಗೊರೆ ಎಂಬ ಅರ್ಥವೂ ಬಂತು. ನಮ್ಮಲ್ಲಿ ಉಳಿದದ್ದು ಈ ಕೊನೆಯದು. ಕುಸ್ವಾರ್ ಮಾಡುವುದು ತಿನ್ನಲಿಕ್ಕಲ್ಲ, ಕಳಿಸಲಿಕ್ಕೆ. ನಾವು ಮಕ್ಕಳು ತಿಂದದ್ದೆಲ್ಲ ಕದ್ದದ್ದು, ಒಡೆದದ್ದು, ಸೀದದ್ದು.

ವ್ಹಡ್ಲಿಮಾಂಯ್, ಅಂದರೆ ನನ್ನ ಅಜ್ಜಿ, ಡಿಸೆಂಬರ್ 20ರ ಹೊತ್ತಿಗೆ ಅಡುಗೆಮನೆಯ ಆಡಳಿತ ಕೈಗೆ ತೆಗೆದುಕೊಳ್ಳುತ್ತಿದ್ದರು. ಅವರ ಅಳತೆಯ ಪುಸ್ತಕ ಕನ್ನಡ ಲಿಪಿಯಲ್ಲಿ, ಮಾತು ಕೊಂಕಣಿ, ಲೆಕ್ಕ ಕುಡ್ತೆಯಲ್ಲಿ. ಮಕ್ಕಳಿಗೆಲ್ಲ ಒಂದೊಂದು ಮುಳ್ಳು ಚಮಚ ಕೊಟ್ಟು ಕಿಡಿಯೊ ಮಾಡಲಿಕ್ಕೆ ಕೂರಿಸುತ್ತಿದ್ದರು. ಕಿಡಿಯೊ ಅಂದರೆ ಹುಳಗಳು. ಹೆಸರು ಕೇಳಿ ಮುಖ ಸಿಂಡರಿಸಬೇಡಿ, ಹಾಗೇ ಕಾಣುತ್ತವೆ. ಕಡಲೆಯಷ್ಟು ಹಿಟ್ಟನ್ನು ಚಮಚದ ಬೆನ್ನಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಉರುಳಿಸಿದರೆ ಗೆರೆಗೆರೆಯ ಸುರುಳಿ ಬೀಳುತ್ತದೆ. ಹತ್ತು ಮಾಡುವಾಗ ಆಟ, ನೂರು ಆಗುವಾಗ ಹೆಬ್ಬೆರಳು ಉರಿ, ಇನ್ನೂರಕ್ಕೆ ಯಾರಾದರೂ ಅಳುತ್ತಾರೆ. ಕೊಕ್ಕಿಸಾಂ ಮಾಡಲಿಕ್ಕೆ ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಹೂವಿನ ಆಕಾರದ ಕಬ್ಬಿಣದ ಅಚ್ಚನ್ನು ಎಣ್ಣೆಯಲ್ಲೇ ಕಾಯಿಸಿ, ಹಿಟ್ಟಿನಲ್ಲಿ ಅದ್ದಿ, ಮತ್ತೆ ಎಣ್ಣೆಗಿಳಿಸಬೇಕು. ಅಚ್ಚಿನ ಅಂಚು ಹಿಟ್ಟಿನ ಮೇಲೆ ಒಂದು ಕೂದಲೆಳೆಯಷ್ಟು ಎದ್ದಿರಬೇಕು, ಪೂರ್ತಿ ಮುಳುಗಿತೋ ಹೂವು ಅಚ್ಚು ಬಿಟ್ಟು ಬರುವುದಿಲ್ಲ.

ಆದರೆ ಎಲ್ಲಕ್ಕಿಂತ ಮೊದಲು ಆಗುತ್ತಿದ್ದದ್ದು ಚಕ್ಕುಲಿ. ಯಾಕೆ ಅಂತ ನನಗೆ ಬಹಳ ವರ್ಷ ಗೊತ್ತಿರಲಿಲ್ಲ. ಬಾಣಲೆಯಲ್ಲಿ ಹೊಸ ತೆಂಗಿನೆಣ್ಣೆ, ತೊಳೆದು ಬಿಸಿಲಿಗೆ ಒಣಗಿಸಿದ ಚಕ್ಕುಲಿ ಒರಳು, ಅಜ್ಜಿ ಸ್ನಾನ ಮಾಡಿ ಬಂದು ಕೂರುತ್ತಿದ್ದರು. ಚಕ್ಕುಲಿ, ಅದರ ಬೆನ್ನಿಗೆ ನೆವ್ರಿ. ಅವೆರಡು ತಣಿದು ಬೇರೆ ಡಬ್ಬಿ ಸೇರಿದ ಮೇಲೆಯೇ ಅಡುಗೆಮನೆಗೆ ಮೊಟ್ಟೆ ಬರುತ್ತಿದ್ದದ್ದು. ಆಮೇಲೆ ಕಿಡಿಯೊ, ಆಮೇಲೆ ಮಿಕ್ಕದ್ದು.

ಆ ಬೇರೆ ಡಬ್ಬಿ ಆಚೆಮನೆಯ ದೊಡ್ಡಮ್ಮನಿಗೆ. ಅವರದು ಮಡಿಯ ಮನೆ. ಹಾಗೆಂದು ಅವರು ಎಂದೂ ಕೇಳಿದವರಲ್ಲ, ಅಜ್ಜಿಯೂ ಹೇಳಿದವರಲ್ಲ. ಮೊಟ್ಟೆ ಮುಟ್ಟದ ಎಣ್ಣೆ ಅಂತ ಒಂದು ಮಾತು ಎರಡು ಮನೆಯ ನಡುವೆ ಆದದ್ದು ನನಗೆ ನೆನಪಿಲ್ಲ. ಎದುರಿನ ಬ್ಯಾರಿಗಳ, ಅಂದರೆ ನಮ್ಮ ಕರಾವಳಿಯ ಮುಸ್ಲಿಮರ ಮನೆಗೆ ಹೋಗುವ ತಟ್ಟೆಯಲ್ಲಿ ಮೊಟ್ಟೆಯ ತಿಂಡಿ ಧಾರಾಳ ಇರುತ್ತಿತ್ತು, ರಮ್ ಹಾಕಿದ ಕೇಕು ಇರುತ್ತಿರಲಿಲ್ಲ. ಹೀಗೆ ಒಂದೊಂದು ಮನೆಗೂ ಒಂದೊಂದು ತಟ್ಟೆ, ಮೇಲೆ ಕಸೂತಿ ಹಾಕಿದ ಬಟ್ಟೆ. ಎಲ್ಲ ತಟ್ಟೆಯಲ್ಲೂ ತಪ್ಪದೆ ಇರುತ್ತಿದ್ದದ್ದು ಯಾವುದು? ಚಕ್ಕುಲಿ. ಯಾರ ಮನೆಯ ಹೊಸ್ತಿಲೂ ಅದನ್ನು ತಡೆಯುತ್ತಿರಲಿಲ್ಲ.

ನಿಮ್ಮ ಪ್ರಶ್ನೆಗೆ ನಮ್ಮ ಮನೆಯ ಉತ್ತರ ಅದೇ. ಚಕ್ಕುಲಿ ನಿಮಗೋಸ್ಕರ ಇತ್ತು ಸಾರ್. ನೀವು ಕೈಯಲ್ಲಿ ಹಿಡಿದು 'ಇದು ನಮ್ಮದು' ಅಂದಿರಲ್ಲ, ಹೌದು. ನಿಮ್ಮದೇ ಆಗಿರಲಿ ಅಂತಲೇ ಮಾಡಿದ್ದು.

ತಟ್ಟೆ ಹೋದ ಮೇಲೆ ಇನ್ನೊಂದು ಕಾಯುವಿಕೆ ಶುರು. ಊರಿನಲ್ಲಿ ಖಾಲಿ ತಟ್ಟೆ ಹಿಂದೆ ಕೊಡುವ ಕ್ರಮ ಇಲ್ಲ. ಆಚೆಮನೆ ದೊಡ್ಡಮ್ಮ ತಟ್ಟೆ ತೊಳೆದು, ಏನೂ ಇಲ್ಲದಿದ್ದರೆ ಒಂದು ಮುಷ್ಟಿ ಸಕ್ಕರೆ, ಇದ್ದರೆ ಹಿತ್ತಲಿನ ನಿಂಬೆಹಣ್ಣು, ಒಂದು ಚೆಂಡು ಮಲ್ಲಿಗೆ ಇಟ್ಟು ಕಳಿಸುತ್ತಿದ್ದರು. ಪೂರ್ತಿ ಲೆಕ್ಕ ಚುಕ್ತಾ ಆಗುತ್ತಿದ್ದದ್ದು ಅಷ್ಟಮಿಗೆ. ಅವತ್ತು ಅವರ ತಟ್ಟೆ ನಮ್ಮ ಮನೆಗೆ ಬರುತ್ತಿತ್ತು: ಉಂಡೆ, ಕಡುಬು, ಮತ್ತೆ ಚಕ್ಕುಲಿ. ಅಜ್ಜಿ ಒಂದು ತುಂಡು ಮುರಿದು, ಕಣ್ಣು ಮುಚ್ಚಿ ಜಗಿದು, "ಓಮ ಹೆಚ್ಚಾಯಿತು" ಅನ್ನುತ್ತಿದ್ದರು. ಅಲ್ಲಿ ನಾತಾಲಿನ ದಿನ ನಮ್ಮ ಚಕ್ಕುಲಿಯ ಬಗ್ಗೆ ಏನು ತೀರ್ಮಾನ ಆಗುತ್ತಿತ್ತೋ ದೇವರಿಗೇ ಗೊತ್ತು. ಎರಡು ಮನೆಯೂ ತಮ್ಮ ಪಾಕ ಬದಲಿಸಲಿಲ್ಲ.

ಅಜ್ಜಿ ಈಗಿಲ್ಲ. ದೊಡ್ಡಮ್ಮನ ಮನೆ ಇದ್ದಲ್ಲಿ ಮೂರು ಮಹಡಿಯ ಫ್ಲ್ಯಾಟ್ ಎದ್ದಿದೆ. ಒರಳು ಮಾತ್ರ ಬೆಂಗಳೂರಿಗೆ ನನ್ನ ಜೊತೆ ಬಂದಿದೆ. ಹಿತ್ತಾಳೆಯದು, ಹಿಡಿ ಸವೆದು ನುಣುಪಾಗಿದೆ. ಕಿಡಿಯೊ ಮಾಡುವಷ್ಟು ಹೆಬ್ಬೆರಳುಗಳು ನಮ್ಮ ಮನೆಯಲ್ಲಿ ಇಲ್ಲ, ಅದನ್ನು ಮಂಗಳೂರಿನ ಅಂಗಡಿಯಿಂದ ಪಾರ್ಸೆಲ್ ತರಿಸುತ್ತೇನೆ. ಚಕ್ಕುಲಿ ನಾನೇ ಮಾಡುತ್ತೇನೆ, ಈಗಲೂ ಮೊದಲಿಗೆ, ಹೊಸ ಎಣ್ಣೆಯಲ್ಲಿ. ಆಫೀಸಿನಲ್ಲಿ ಮೊಟ್ಟೆ ತಿನ್ನದವರು ಹನ್ನೊಂದು ಜನ ಇದ್ದಾರೆ. ಅವರಿಗೆ ನಾನು ಹೇಳಿಲ್ಲ, ಅವರೂ ಕೇಳಿಲ್ಲ.

ಅಂದ ಹಾಗೆ, ಮೂರು ವರ್ಷದ ಹಿಂದೆ ಆ ಸಹೋದ್ಯೋಗಿ ಉಳಿದ ನೆವ್ರಿಯನ್ನು ಮನೆಯವರಿಗೆ ಅಂತ ಡಬ್ಬಿ ಸಮೇತ ಒಯ್ದಿದ್ದರು. ಅವರು ಇದನ್ನು ಓದುತ್ತಾರೆ ಅಂತ ಗೊತ್ತು. ನೀಲಿ ಮುಚ್ಚಳದ್ದು ಸಾರ್, ಒಂದು ಮೂಲೆ ಸ್ವಲ್ಪ ಕರಗಿದೆ. ಖಾಲಿ ಕೊಟ್ಟರೂ ನಡೆಯುತ್ತದೆ.