ಸಹಿ ಹಾಕಲ್ಲ ಅಂದ ದಿನ

ಅಪ್ಪನ ವರ್ಷದ ತಿಥಿ ಮುಗಿದ ವಾರವೇ ತೋಟದ ಕಾಗದಪತ್ರ ಸರಿ ಮಾಡಿಸಬೇಕು ಅಂತ ಅಣ್ಣ ನನ್ನನ್ನೂ ಅಕ್ಕನನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆಸಿದ್ದ. ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಹಕ್ಕು ಬಿಡುಗಡೆ ಪತ್ರ ಆಗಲೇ ಟೈಪ್ ಆಗಿತ್ತು. ಸರ್ವೆ ನಂಬರು, ಚಕ್ಕುಬಂದಿ, ನಮ್ಮಿಬ್ಬರ ಹೆಸರು, ಗಂಡಂದಿರ ಹೆಸರು. ಅದರ ಕೆಳಗೆ, ಅರಿಶಿನ ಕುಂಕುಮದ ಬಾಬ್ತು ಹಣ ಪಡೆದು, ಯಾರ ಒತ್ತಾಯವೂ ಇಲ್ಲದೆ, ಸ್ವಂತ ಇಚ್ಛೆಯಿಂದ ಹಕ್ಕು ಬಿಟ್ಟಿದ್ದೇವೆ ಅಂತ ಬರೆದಿತ್ತು. ಹಣದ ಮಾತೇ ಬಂದಿರಲಿಲ್ಲ. ಇಚ್ಛೆಯನ್ನಂತೂ ಯಾರೂ ಕೇಳಿರಲಿಲ್ಲ.

ನಾನು ಸಹಿ ಹಾಕಲ್ಲ ಅಂದೆ.

ಅಣ್ಣ ಮಾತಾಡಲಿಲ್ಲ. ಚಿಕ್ಕಪ್ಪ ಮಾತಾಡಿದರು. ನಿನಗೆ ಸಂಬಳ ಬರುತ್ತೆ, ಗಂಡನಿಗೂ ಬರುತ್ತೆ, ತವರು ಬೇಕೋ ತೋಟ ಬೇಕೋ ಯೋಚನೆ ಮಾಡು ಅಂದರು. ಆಮೇಲೆ ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ, "ಓದ್ಸಿದ್ದಕ್ಕೆ ಫೆಮಿನಿಸ್ಟ್ ಆಗವ್ಳೆ."

ಹೌದು ಚಿಕ್ಕಪ್ಪ, ಆಗಿದ್ದೀನಿ ಅಂದೆ. ಕೈ ನಡುಗುತ್ತಿತ್ತು, ಆದರೂ ಹೇಳಿದೆ.

ನಮ್ಮ ಮನೆಯ ಗಂಡಸರು ಕೆಟ್ಟವರಲ್ಲ. ನಮ್ಮನ್ನು ಓದಿಸಿದರು, ಕೆಲಸಕ್ಕೆ ಕಳಿಸಿದರು, ಮಾರ್ಚ್ 8ಕ್ಕೆ ಫ್ಯಾಮಿಲಿ ಗ್ರೂಪಿನಲ್ಲಿ ಹೂವಿನ ಚಿತ್ರ ಹಾಕ್ತಾರೆ. ಇಷ್ಟೆಲ್ಲ ಆಗುವಾಗ ಯಾರೂ ನನ್ನನ್ನು ಫೆಮಿನಿಸ್ಟ್ ಅಂದಿರಲಿಲ್ಲ. ಮಣ್ಣಿನ ಮಾತು ಬಂದ ತಕ್ಷಣ ಅಂದರು. ನನ್ನ ಜೊತೆ ಕೆಲಸ ಮಾಡೋ ಹುಡುಗಿಯರು, ಸಮಾನತೆ ಬೇಕು, ಆದರೆ ನಾವು ಫೆಮಿನಿಸ್ಟ್ ಅಲ್ಲಪ್ಪ ಅಂತಾರೆ. ಬೈಗುಳದ ಹಾಗೆ ಬಳಸಿದ್ದಾರೆ, ಅದಕ್ಕೆ ಹೆದರಿಕೆ. ಆ ಹೆಸರು ಹೊತ್ತು ಬೈಸಿಕೊಂಡ ಹೆಂಗಸರು ಹೋರಾಡಿದ್ದಕ್ಕೇ ಅಲ್ವಾ ಇವತ್ತು ನಮಗೆ ಕೇಳೋಕೆ ಒಂದು ಕಾನೂನು ಇರೋದು?

ಅಕ್ಕನ ವಿಷಯವನ್ನೇ ನೋಡಿ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂತು, ಆದರೆ ಅದಕ್ಕೂ ಮೊದಲು ಮದುವೆಯಾದವರಿಗೆ ಇಲ್ಲ ಅಂತ ಅದರಲ್ಲೇ ಬರೆದಿದ್ದರು. ಅಕ್ಕನ ಮದುವೆ ಆಗಿದ್ದು 1992ರಲ್ಲಿ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅನ್ನೋದನ್ನು ಸರ್ಕಾರವೂ ಒಪ್ಪಿಕೊಂಡ ಹಾಗಾಯ್ತು. 2005ರ ಸೆಪ್ಟೆಂಬರ್ 9ಕ್ಕೆ ಕೇಂದ್ರದ ತಿದ್ದುಪಡಿ ಜಾರಿಗೆ ಬಂದ ಮೇಲೆ ಆ ಅಡ್ಡಗೋಡೆ ಹೋಯಿತು. 2020ರಲ್ಲಿ ಸುಪ್ರೀಂ ಕೋರ್ಟ್, ಈ ಹಕ್ಕು ಹುಟ್ಟಿನಿಂದಲೇ ಬರೋದು, ತಿದ್ದುಪಡಿ ಜಾರಿಗೆ ಬಂದ ದಿನ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತಲೂ ಹೇಳಿತು.

ಅಕ್ಕನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದು ತೋಟ. ಅಪ್ಪ ಹಾಸಿಗೆ ಹಿಡಿದಾಗ ಬೋರ್ ಆನ್ ಮಾಡಿದ್ದು, ಕಾಯಿ ಕೀಳಿಸಿದ್ದು, ಸುಲಿಸಿ ಲೆಕ್ಕ ಬರೆದದ್ದು ಅವಳೇ. ಹೆಬ್ಬೆರಳಿನ ಪಕ್ಕ ಮಟ್ಟೆ ಕುಯ್ದ ಗಾಯದ ಗುರುತು ಇನ್ನೂ ಇದೆ. ಆ ಕೈಯಲ್ಲೇ ಪೆನ್ನು ಹಿಡಿದು ಸಹಿಗೆ ರೆಡಿಯಾಗಿದ್ದಳು, ಗೌರಿ ಹಬ್ಬಕ್ಕೆ ತವರಿನ ಬಾಗಿನ ನಿಂತುಹೋದೀತು ಅನ್ನೋ ಒಂದೇ ಭಯಕ್ಕೆ. ನನ್ನ ಮುಖ ನೋಡಿದಳು. ಪೆನ್ನು ಕೆಳಗಿಟ್ಟು, "ಅವಳು ಹಾಕಿದ್ರೆ ನಾನೂ ಹಾಕ್ತೀನಿ" ಅಂದಳು.

ಆ ದಿನ ನೋಂದಣಿ ಆಗಲಿಲ್ಲ. ಅಣ್ಣ ಈಗ ನನ್ನ ಫೋನ್ ಎತ್ತಲ್ಲ, ನನಗೆ ತುಂಬ ಬೇಜಾರಿದೆ, ಆದರೂ ಮಾಡ್ತಾನೇ ಇರ್ತೀನಿ. ಅವನ ಪಾಲು ನಮಗೆ ಬೇಡ, ನಮ್ಮದು ನಮಗಿರಲಿ, ಅಷ್ಟೇ. ಅಮ್ಮನ ಹೆಸರೂ ಸೇರಿಸಿ ಎಲ್ಲರ ಹೆಸರಿಗೂ ಜಂಟಿಯಾಗಿ ಪೌತಿ ಖಾತೆ, ಅಂದರೆ ತೀರಿಹೋದ ಅಪ್ಪನ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಕೊಡಿ ಅಂತ ನಾನೂ ಅಕ್ಕನೂ ಅರ್ಜಿ ಕೊಟ್ಟಿದ್ದೀವಿ. ವಂಶವೃಕ್ಷ ಕೇಳಿದ್ದಾರೆ, ಸೋಮವಾರ ನಾಡಕಚೇರಿಗೆ ಹೋಗಬೇಕು.